ಪುಣೆಯಲ್ಲಿ ಬಿ.ಎಸ್ಸಿ. ಸೇರಿದವರೇ, ಸೀನಿಯರ್ ಜರ್ನಲ್ ನೋಡಿ ಬರೆಯಬೇಡಿ

ನಾನು ವಿಜಯಪುರದ ಕಡೆಯವಳು. ಪುಣೆಯಲ್ಲಿ ಓದುತ್ತಿದ್ದೇನೆ. ಇಲ್ಲಿ ಪ್ರಾಕ್ಟಿಕಲ್ ರೆಕಾರ್ಡಿಗೆ ಜರ್ನಲ್ ಅನ್ನುತ್ತಾರೆ. ನೋಡಿ ಬರೆಯುವುದಕ್ಕೆ ಮರಾಠಿಯಲ್ಲಿ 'ಛಾಪಣೆ' ಅನ್ನುತ್ತಾರೆ. ಎಲ್ಲರೂ ಎಷ್ಟು ಸಲೀಸಾಗಿ ಹೇಳುತ್ತಾರೆಂದರೆ, ಅದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ.

ಮೊದಲ ವರ್ಷ, ಸರಳ ಲೋಲಕದ ಪ್ರಯೋಗ. ಒಂದು ಮೀಟರ್ ದಾರ, 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್. ರೀಡಿಂಗ್ ಎಲ್ಲ ನನ್ನದೇ. ಆದರೆ ಕೊನೆಯಲ್ಲಿ ತಪ್ಪು ಎಲ್ಲಿಂದ ಬರಬಹುದು ಅಂತ ಬರೆಯಬೇಕಲ್ವಾ, ಅಲ್ಲಿ ಇಂಗ್ಲಿಷ್ ಕೈಕೊಟ್ಟಿತು. ನಮ್ಮೂರ ಕಡೆಯ ಅಕ್ಕ ಒಬ್ಬರು ತಮ್ಮ ಹಳೆಯ ಜರ್ನಲಿನ ಫೋಟೋ ಕಳಿಸಿದರು. ನಾಲ್ಕೈದು ಪದ ಬದಲಿಸಿ ಬರೆದುಬಿಟ್ಟೆ. ಪದ ಬದಲಿಸಿದರೆ ನನ್ನದಾಯಿತು ಅಂದುಕೊಂಡಿದ್ದೆ.

ಮೇಡಂ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಈ 44 ಸೆಕೆಂಡ್ ಎಲ್ಲಿಂದ ಬಂತು?"

ಅಕ್ಕನ ದಾರ 120 ಸೆಂಟಿಮೀಟರ್ ಇತ್ತು. ಆ ಉದ್ದಕ್ಕೆ 20 ಆಂದೋಲನ ಅಂದರೆ 44 ಸೆಕೆಂಡ್. ನನ್ನ ಟೇಬಲ್‌ನಲ್ಲಿ 40, ಕೆಳಗೆ 44. ಕಂಡುಹಿಡಿಯಲು ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ. ಆ ಪ್ರಯೋಗಕ್ಕೆ ಸೊನ್ನೆ ಬಂತು. ಅಕ್ಕನನ್ನೂ ಕರೆಸಿ ಕೇಳಿದರು. ಸಹಾಯ ಮಾಡಿದವರು ನನ್ನಿಂದಾಗಿ ತಲೆ ತಗ್ಗಿಸಿ ನಿಂತದ್ದು ಇವತ್ತಿಗೂ ಮರೆಯಲಾಗಿಲ್ಲ. ಸುಮ್ನೆ ಜರ್ನಲ್ ಕೊಟ್ಟವರೂ ಸಿಕ್ಕಿಬೀಳುತ್ತಾರೆ, ನೆನಪಿರಲಿ.

ಮೇಡಂ ಆಮೇಲೆ ಹೇಳಿದ್ದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು. ಜೊತೆಯಲ್ಲಿ ಪ್ರಯೋಗ ಮಾಡಿದವರ ರೀಡಿಂಗ್ ಒಂದೇ ಇರಬಹುದು, ಅದು ತಪ್ಪಲ್ಲ. ಸೂತ್ರ ಎಲ್ಲರದೂ ಒಂದೇ. ಆದರೆ ವಿವರಣೆ ನಿಮ್ಮದೇ ಆಗಿರಬೇಕು. ಪುಸ್ತಕ ಓದಿ, ಮುಚ್ಚಿಡಿ, ಗೆಳತಿಗೆ ಕನ್ನಡದಲ್ಲಿ ಹೇಳಿನೋಡಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ನನ್ನಂಥ ಕನ್ನಡ ಮೀಡಿಯಂನವರಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆ. ವ್ಯಾಕರಣ ತಪ್ಪಿದರೆ ಅರ್ಧ ಮಾರ್ಕ್ ಹೋಗಬಹುದು, ಅಷ್ಟೆ. ಯಾವ ಪುಸ್ತಕ, ಯಾವ ಪುಟ ಅಂತಲೂ ಬರೆಯಿರಿ. ವಿಕಿಪೀಡಿಯ ಪುಟದ ಕೆಳಗಿರುವ ಆಧಾರ ಪುಸ್ತಕಗಳ ಪಟ್ಟಿಯನ್ನು, ಅವನ್ನು ಓದದೇ ಎತ್ತಿ ಹಾಕಬೇಡಿ.

ಈ ಅಭ್ಯಾಸ ಮುಂದೆ ದುಬಾರಿಯಾಗುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಥೀಸಿಸ್‌ಗೆ ಬೇರೆಯವರ ಬರಹದ ಜೊತೆ ಹೋಲಿಕೆ 60% ದಾಟಿದರೆ ನೋಂದಣಿಯೇ ರದ್ದು.

ಇನ್ನೊಂದು ವಿಷಯ. ಬರೆಯಲು ಬರುತ್ತಿಲ್ಲ, ಎರಡು ದಿನ ಜಾಸ್ತಿ ಕೊಡಿ ಅಂತ ಕೇಳಿದ್ದರೆ ಖಂಡಿತ ಕೊಡುತ್ತಿದ್ದೆ ಅಂದರು ಮೇಡಂ. ನಾನು ಕೇಳಿರಲಿಲ್ಲ. ನೀವು ಕೇಳಿ.