ಅರ್ಧ ಫ್ರೇಮಿನಲ್ಲಿ ಪೂರ್ಣ ಕ್ಯಾಮೆರಾ: ಒಲಿಂಪಸ್ ಪೆನ್ ಎಫ್

ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬರ ಬಳಿ ನನಗೆ ದೊರೆತ ಒಲಿಂಪಸ್ ಪೆನ್ ಎಫ್ ಕ್ಯಾಮೆರಾದ ಬೆಲೆ ಬಹಳ ಕಡಿಮೆಯಿತ್ತು. ಅದು ಕೆಟ್ಟಿದೆ ಎಂದು ಅವರು ನಂಬಿದ್ದೇ ಇದಕ್ಕೆ ಕಾರಣ. ಲೆವರ್ ಎಳೆದು ಬಟನ್ ಒತ್ತಿದರೆ ಏನೂ ಆಗುವುದಿಲ್ಲ ಎಂದು ಅವರು ಹೇಳಿದರು. ಪೆನ್ ಎಫ್‌ನಲ್ಲಿ ಫಿಲ್ಮ್ ಮುಂದೆ ಸರಿದು, ಬೆಳಕನ್ನು ಕ್ಷಣಕಾಲ ಫಿಲ್ಮಿಗೆ ಬಿಡುವ ಶಟರ್ ಸಿದ್ಧವಾಗಬೇಕಾದರೆ ಲೆವರನ್ನು ಎರಡು ಬಾರಿ ಎಳೆಯಬೇಕು. ಒಂದೇ ಬಾರಿ ಎಳೆದು ಬಿಟ್ಟರೆ ಬಟನ್ ಕೆಲಸ ಮಾಡುವುದಿಲ್ಲ. ನಾನು ಅವರ ಎದುರಿನಲ್ಲೇ ಎರಡನೆಯ ಬಾರಿ ಎಳೆದು ಶಟರ್ ಬಿಡುಗಡೆ ಮಾಡಿ ತೋರಿಸಿದೆ. ಆದರೂ ವ್ಯೂಫೈಂಡರಿನಲ್ಲಿ, ಅಂದರೆ ನೋಡುವ ಕಿಂಡಿಯಲ್ಲಿ, ದೂಳು ತುಂಬಿದೆ, ಶಟರಿನ ನಿಧಾನದ ವೇಗಗಳು ಎಳೆದಾಡುತ್ತಿವೆ ಎಂದು ಇಬ್ಬರೂ ಒಪ್ಪಿಕೊಂಡೆವು, ಮೊದಲು ಹೇಳಿದ ಬೆಲೆಯೇ ನಿಂತಿತು. ಈ ಬರಹವು ಆ ಕ್ಯಾಮೆರಾವನ್ನು ದುರಸ್ತಿ ಮಾಡಿಸಿ, ಹಲವು ರೋಲುಗಳಲ್ಲಿ ಬಳಸಿದ ಮೇಲೆ ಅದರ ಬಗ್ಗೆ ನಾನು ತಳೆದ ಅಭಿಪ್ರಾಯವಾಗಿದೆ.

ಒಲಿಂಪಸ್ ಸಂಸ್ಥೆಯಲ್ಲಿ ಯೊಶಿಹಿಸಾ ಮೈತಾನಿ ಎಂಬ ಎಂಜಿನಿಯರ್ ವಿನ್ಯಾಸಗೊಳಿಸಿದ ಮೊದಲ ಪೆನ್ ಕ್ಯಾಮೆರಾ 1959ರಲ್ಲಿ ಬಂತು. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನಲ್ಲಿ 24×36 ಮಿಲಿಮೀಟರಿನ ಚಿತ್ರದ ಬದಲು ಅದರ ಅರ್ಧದಷ್ಟು, ಅಂದರೆ 18×24 ಮಿಲಿಮೀಟರಿನ ಚಿತ್ರ ತೆಗೆಯುವ ಸಣ್ಣ ಕ್ಯಾಮೆರಾ ಅದು. ಕಡಿಮೆ ಬೆಲೆ, ಜೇಬಿಗೆ ಸೇರುವ ಗಾತ್ರ ಮತ್ತು ಒಂದು ರೋಲಿನಲ್ಲಿ ಎರಡು ಪಟ್ಟು ಚಿತ್ರಗಳು ಅದರ ಆಕರ್ಷಣೆಯಾಗಿದ್ದವು. ಇದೇ ಅರ್ಧ ಫ್ರೇಮಿಗಾಗಿ ಲೆನ್ಸ್ ಬದಲಿಸಬಹುದಾದ ಒಂದು ಸಂಪೂರ್ಣ ಎಸ್‌ಎಲ್‌ಆರ್ (ಲೆನ್ಸಿನ ನೋಟವನ್ನೇ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಕ್ಯಾಮೆರಾ) ವ್ಯವಸ್ಥೆಯನ್ನು ಮೈತಾನಿ 1963ರಲ್ಲಿ ಪೆನ್ ಎಫ್ ರೂಪದಲ್ಲಿ ಮುಂದಿಟ್ಟರು. ಅನಂತರ 1966ರಲ್ಲಿ ಒಳಗೇ ಬೆಳಕನ್ನು ಅಳೆಯುವ ಮೀಟರ್ ಇರುವ ಪೆನ್ ಎಫ್‌ಟಿ, 1967ರಲ್ಲಿ ಮೀಟರ್ ತೆಗೆದ ಎಫ್‌ವಿ ಬಂದವು. ಅರ್ಧ ಫ್ರೇಮಿಗೆಂದೇ ಇಷ್ಟು ವಿಸ್ತಾರವಾಗಿ ಬೆಳೆದ ಎಸ್‌ಎಲ್‌ಆರ್ ಕುಟುಂಬ ಮತ್ತೊಂದಿಲ್ಲ. ನನ್ನ ಬಳಿ ಇರುವುದು ಮೊದಲನೆಯದು. ಮುಂಭಾಗದಲ್ಲಿ ಹಳೆಯ ಜರ್ಮನ್ ಮುದ್ರಣದ ಅಕ್ಷರಗಳಂತೆ ಬಳುಕಿಸಿ ಕೆತ್ತಿದ ದೊಡ್ಡ ಎಫ್ ಅಕ್ಷರದಿಂದ ಅದನ್ನು ದೂರದಿಂದಲೇ ಗುರುತಿಸಬಹುದು.

ಈ ಕ್ಯಾಮೆರಾವನ್ನು ದೊಡ್ಡ ಎಸ್‌ಎಲ್‌ಆರ್ ಒಂದನ್ನು ಕುಗ್ಗಿಸಿ ಮಾಡಿದ್ದು ಎಂದು ಭಾವಿಸಿ ಕೈಗೆತ್ತಿಕೊಂಡವರಿಗೆ ಇದರ ಅರ್ಧ ಗುಣಗಳು ದೋಷಗಳಂತೆ ತೋರುತ್ತವೆ. ಚಿತ್ರದ ಅಳತೆ ಅರ್ಧವಾದರೆ ಒಳಗಿನ ಯಂತ್ರವೆಲ್ಲ ಹೇಗಿರಬೇಕು ಎಂಬ ಪ್ರಶ್ನೆಗೆ ಮೊದಲಿನಿಂದ ಯೋಚಿಸಿ ಕಂಡುಕೊಂಡ ಉತ್ತರ ಇದು ಎಂದು ಒಪ್ಪಿಕೊಂಡರೆ ಪ್ರತಿಯೊಂದು ವಿಚಿತ್ರಕ್ಕೂ ಕಾರಣ ಕಾಣತೊಡಗುತ್ತದೆ. ಉದಾಹರಣೆಗೆ, ಇದರ ತಲೆಯ ಮೇಲೆ ಎಸ್‌ಎಲ್‌ಆರ್‌ಗಳಲ್ಲಿ ಇರುವ ಪ್ರಿಸಂನ, ಅಂದರೆ ನೋಟವನ್ನು ಕಣ್ಣಿನತ್ತ ತಿರುಗಿಸುವ ಗಾಜಿನ, ಗೂನು ಇಲ್ಲ. ಸಾಮಾನ್ಯ ಎಸ್‌ಎಲ್‌ಆರ್‌ನಲ್ಲಿ ಕನ್ನಡಿಯು ಮೇಲಕ್ಕೆ ಎದ್ದು ಬೆಳಕಿಗೆ ದಾರಿ ಬಿಡುತ್ತದೆ. ಇಲ್ಲಿ ಅದು ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಲೆನ್ಸಿನಿಂದ ಬಂದ ಬೆಳಕು ಆ ಕನ್ನಡಿಯಿಂದ ಪಕ್ಕಕ್ಕೆ ತಿರುಗಿ, ಕ್ಯಾಮೆರಾದ ಒಳಗೇ ಮಡಿಚಿಟ್ಟ ಪ್ರಿಸಂ ದಾರಿಯಲ್ಲಿ ಹಾದು, ಎಡತುದಿಯ ಕಿಂಡಿಯಲ್ಲಿ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಮೇಲ್ಭಾಗ ಚಪ್ಪಟೆಯಾಗಿ ಉಳಿದಿದೆ, ನೋಡುವ ಕಿಂಡಿ ಅಂಚಿಗೆ ಸರಿದಿದೆ. ಬಲಗಣ್ಣಿನಿಂದ ನೋಡುವವರಿಗೆ ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತುವ ತೊಂದರೆ ಇದರಿಂದ ಬಹುಪಾಲು ತಪ್ಪುತ್ತದೆ.

ಶಟರ್ ಇದಕ್ಕಿಂತಲೂ ಸ್ವಾರಸ್ಯಕರವಾಗಿದೆ. ಅಂದಿನ ಬಹುತೇಕ ಎಸ್‌ಎಲ್‌ಆರ್‌ಗಳಲ್ಲಿ ಬಟ್ಟೆಯ ಎರಡು ಪರದೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ವೇಗ ಹೆಚ್ಚಾದಂತೆ ಅವುಗಳ ನಡುವಿನ ಸೀಳು ಕಿರಿದಾಗಿ, ಇಡೀ ಚಿತ್ರವು ಒಂದೇ ಕ್ಷಣದಲ್ಲಿ ತೆರೆದಿರುವುದೇ ಇಲ್ಲ. ಆದ್ದರಿಂದ ಫ್ಲಾಶ್ ಬಳಸುವವರು 1/60 ಸೆಕೆಂಡಿನ ಆಸುಪಾಸಿನಲ್ಲೇ ನಿಲ್ಲಬೇಕಾಗುತ್ತಿತ್ತು. ಪೆನ್ ಎಫ್‌ನಲ್ಲಿ ಪರದೆಗಳ ಬದಲು ತೆಳುವಾದ ಟೈಟಾನಿಯಂ ತಗಡಿನ ಒಂದು ಭಾಗಶಃ ವೃತ್ತಾಕಾರದ ತಟ್ಟೆ ಇದೆ. ಅದು ತಿರುಗಿ ಕಿಂಡಿಯನ್ನು ಪೂರ್ತಿಯಾಗಿ ತೆರೆದು, ನಿಗದಿತ ಕಾಲ ನಿಂತು, ಮತ್ತೆ ತಿರುಗಿ ಮುಚ್ಚುತ್ತದೆ. ಇದರಿಂದ 1 ಸೆಕೆಂಡಿನಿಂದ 1/500 ಸೆಕೆಂಡಿನವರೆಗಿನ ಎಲ್ಲ ವೇಗಗಳಲ್ಲಿಯೂ ಎಲೆಕ್ಟ್ರಾನಿಕ್ ಫ್ಲಾಶ್ ಹೊಂದಿಕೊಳ್ಳುತ್ತದೆ. ಹಗಲಿನ ಬಿಸಿಲಿನಲ್ಲಿ ಮುಖದ ಮೇಲಿನ ನೆರಳನ್ನು ಫ್ಲಾಶ್ ಬೆಳಕಿನಿಂದ ತುಂಬಲು ಬಯಸುವವರಿಗೆ ಇದು ಇಂದಿಗೂ ಬೆಲೆಬಾಳುವ ಸೌಲಭ್ಯ. ಪೂರ್ಣ ಫ್ರೇಮಿಗೆ ಇಂಥ ತಟ್ಟೆ ಮಾಡಿದರೆ ಕ್ಯಾಮೆರಾವೇ ಬೃಹತ್ತಾಗುತ್ತಿತ್ತು. ಚಿತ್ರ ಚಿಕ್ಕದಾದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ಇಂಥ ಕ್ಯಾಮೆರಾ ಅಗ್ಗವಾಗಿ ಕಣ್ಣಿಗೆ ಬಿದ್ದಾಗ ಕೊಳ್ಳುವ ಮೊದಲು ನೋಡಬೇಕಾದದ್ದು ಹಲವು. ಲೆನ್ಸನ್ನು ಬಿಚ್ಚಿ, ವೇಗವನ್ನು 1 ಸೆಕೆಂಡಿಗೆ ಇಟ್ಟು, ಹಿಂಬಾಗಿಲು ತೆರೆದು ಶಟರ್ ಬಿಡಬೇಕು. ಕನ್ನಡಿ ಪಕ್ಕಕ್ಕೆ ಸರಿಯುವುದು, ತಟ್ಟೆ ತೆರೆಯುವುದು, ಗಿಯರ್‌ಗಳ ಸಣ್ಣ ಸದ್ದು ಒಂದೇ ಲಯದಲ್ಲಿ ಕೇಳುವುದು, ತಟ್ಟೆ ಹಿಂಜರಿಯದೆ ಮುಚ್ಚುವುದು, ಈ ನಾಲ್ಕೂ ಸರಿಯಾಗಿದ್ದರೆ ಅರ್ಧ ಚಿಂತೆ ಕಳೆದಂತೆ. ನನ್ನದರಲ್ಲಿ ಸದ್ದು ನಡುವೆ ತಡವರಿಸಿ ತಟ್ಟೆ ಅರೆತೆರೆದು ನಿಲ್ಲುತ್ತಿತ್ತು. 1/60ಕ್ಕಿಂತ ಮೇಲಿನ ವೇಗಗಳಲ್ಲಿ ಈ ತೊಂದರೆ ಇರಲಿಲ್ಲ. ಇದು ಹಳೆಯ ಎಣ್ಣೆ ಗಟ್ಟಿಯಾದಾಗ ಕಾಣುವ ಸಾಮಾನ್ಯ ಲಕ್ಷಣ, ಅನುಭವಿ ಮೆಕ್ಯಾನಿಕ್ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರೆ ಸರಿಹೋಗುತ್ತದೆ. ಪ್ರಿಸಂನ ಕನ್ನಡಿಲೇಪ ಕಿತ್ತುಬಂದು ವ್ಯೂಫೈಂಡರಿನಲ್ಲಿ ಕಪ್ಪು ಚುಕ್ಕೆಗಳು, ಗೆರೆಗಳು ಕಾಣುತ್ತಿದ್ದರೆ ಮಾತ್ರ ದುರಸ್ತಿ ಕಷ್ಟ. ದೂಳು ಬೇರೆ, ಲೇಪ ಹಾಳಾಗುವುದು ಬೇರೆ. ದೂಳಿನ ಕಣಗಳು ಚಿತ್ರದ ಮೇಲೆ ಬೀಳುವುದಿಲ್ಲ, ನೋಟಕ್ಕೆ ಮಾತ್ರ ಅಡ್ಡಿ. ಲೆನ್ಸನ್ನು ದೀಪದ ಎದುರು ಹಿಡಿದು ಅದರೊಳಗೆ ಜೇಡನ ಬಲೆಯಂಥ ಶಿಲೀಂಧ್ರದ ಎಳೆಗಳಿವೆಯೇ ಎಂದು ನೋಡುವುದನ್ನು ಯಾವ ಕಾರಣಕ್ಕೂ ಬಿಡಬಾರದು, ಏಕೆಂದರೆ ಶಿಲೀಂಧ್ರ ಗಾಜಿನ ಲೇಪವನ್ನೇ ತಿಂದಿದ್ದರೆ ಅದನ್ನು ಒರೆಸಿ ತೆಗೆಯಲಾಗದು. ಹಿಂಬಾಗಿಲಿನ ಅಂಚಿನ ಬೆಳಕುತಡೆ ಪುಡಿಯಾಗಿ ಅಂಟಾಗಿದ್ದರೆ ಅದನ್ನು ಬದಲಿಸುವುದು ಸುಲಭ.

ಪೆನ್ ಎಫ್‌ಗೆ ಮೀಟರ್ ಇಲ್ಲ, ಆದ್ದರಿಂದ ಬ್ಯಾಟರಿಯೂ ಇಲ್ಲ. ಇದನ್ನು ನಾನು ಗುಣವೆಂದೇ ಎಣಿಸುತ್ತೇನೆ. ಎಫ್‌ಟಿಯಲ್ಲಿ ಮೀಟರಿಗಾಗಿ ಕನ್ನಡಿಯ ಬೆಳಕಿನ ಒಂದು ಪಾಲನ್ನು ಬೇರೆ ಕಡೆಗೆ ಹರಿಸುವುದರಿಂದ ವ್ಯೂಫೈಂಡರ್ ಮಬ್ಬಾಗುತ್ತದೆ. ಇಲ್ಲಿ ಇಡೀ ಬೆಳಕು ಕಣ್ಣಿಗೆ ಬರುತ್ತದೆ. ಎಕ್ಸ್‌ಪೋಶರ್, ಅಂದರೆ ಫಿಲ್ಮಿಗೆ ಬೀಳಬೇಕಾದ ಬೆಳಕಿನ, ಲೆಕ್ಕಕ್ಕೆ ಹಳೆಯ ಸೂತ್ರ ಸಾಕು: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ) ಎಫ್ 16, ಶಟರ್ ವೇಗ ಫಿಲ್ಮಿನ ಐಎಸ್‌ಒ (ಬೆಳಕಿಗೆ ಫಿಲ್ಮ್ ಸ್ಪಂದಿಸುವ ಮಟ್ಟ) ಸಂಖ್ಯೆಗೆ ಸಮೀಪದ್ದು. ಐಎಸ್‌ಒ 400 ಫಿಲ್ಮಿಗೆ 1/500, ಮೋಡ ಮುಸುಕಿದಂತೆ ಅಪರ್ಚರನ್ನು ಒಂದೊಂದೇ ಮೆಟ್ಟಿಲು ತೆರೆಯುತ್ತ ಹೋಗುವುದು. ಆದರೆ ಗರಿಷ್ಠ ವೇಗ 1/500 ಆದುದರಿಂದ, ಬಿಸಿಲಿನಲ್ಲಿ ಲೆನ್ಸನ್ನು ಅಗಲವಾಗಿ ತೆರೆದು ಹಿನ್ನೆಲೆ ಮಸುಕಾಗಿಸಲು ಬಯಸುವವರು ಐಎಸ್‌ಒ ಸಂಖ್ಯೆ ಕಡಿಮೆಯಿರುವ ಫಿಲ್ಮನ್ನೇ ಆರಿಸಿಕೊಳ್ಳಬೇಕು. ಎರಡಾಗಿ ಒಡೆದು ಕಾಣುವ ಚಿತ್ರವನ್ನು ಕೂಡಿಸಿ ಫೋಕಸ್ ಮಾಡುವ ನೆರವು ಈ ವ್ಯೂಫೈಂಡರಿನಲ್ಲಿ ಇಲ್ಲ. ಮಂದ ಬೆಳಕಿನಲ್ಲಿ ಫೋಕಸ್ ಹಿಡಿಯಲು ತಾಳ್ಮೆ ಬೇಕು ಎಂಬುದು ನಿಜವಾದ ಕೊರತೆಯೇ.

ನನ್ನ ಕ್ಯಾಮೆರಾದ ಜೊತೆಗೆ ಬಂದ ಲೆನ್ಸ್ ಎಫ್ ಜುಯಿಕೊ 38 ಮಿಲಿಮೀಟರ್, ಎಫ್ 1.8. ಪೂರ್ಣ ಫ್ರೇಮಿನ ಲೆಕ್ಕದಲ್ಲಿ ಇದು ಸುಮಾರು 55 ಮಿಲಿಮೀಟರಿನ ನೋಟ. ಒಲಿಂಪಸ್‌ನ ಹಳೆಯ ಲೆನ್ಸುಗಳಲ್ಲಿ ಹೆಸರಿನ ಮೊದಲ ಅಕ್ಷರವೇ ಒಳಗಿನ ಗಾಜುಗಳ ಸಂಖ್ಯೆಯನ್ನು ಹೇಳುತ್ತದೆ ಎಂಬ ಸಂಗತಿ ಕೊಳ್ಳುವವರಿಗೆ ಉಪಯುಕ್ತ: ಇಂಗ್ಲಿಷ್ ವರ್ಣಮಾಲೆಯ ಆರನೆಯ ಅಕ್ಷರ ಎಫ್ ಇದ್ದರೆ ಆರು ಗಾಜು, ಜಿ ಇದ್ದರೆ ಏಳು, ಎಚ್ ಇದ್ದರೆ ಎಂಟು. ಇದೇ ಪ್ರಕಾರ 40 ಮಿಲಿಮೀಟರ್ ಎಫ್ 1.4 ಲೆನ್ಸ್ ಜಿ ಜುಯಿಕೊ, 42 ಮಿಲಿಮೀಟರ್ ಎಫ್ 1.2 ಲೆನ್ಸ್ ಎಚ್ ಜುಯಿಕೊ. ನನ್ನ 38 ಮಿಲಿಮೀಟರ್ ಲೆನ್ಸ್ ಪೂರ್ತಿ ತೆರೆದಾಗ ತುಸು ಮೆದುವಾಗಿ, ಎಫ್ 4ಕ್ಕೆ ಬಂದಾಗ ಎಲೆಯ ನರಗಳು, ಹಳೆಯ ಮರದ ಕಂಬದ ಬಿರುಕುಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುವಷ್ಟು ಹರಿತವಾಗಿ ಚಿತ್ರಿಸುತ್ತದೆ. ನೆಗೆಟಿವ್ ಚಿಕ್ಕದಾದ್ದರಿಂದ ಲೆನ್ಸ್ ಹರಿತವಾಗಿರಲೇಬೇಕಿತ್ತು; ಈ ಬೇಡಿಕೆಯನ್ನು ಅದು ಪೂರೈಸಿದೆ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಬಳಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಸೆಳೆಯುವುದು ಚಿತ್ರದ ನಿಲುವು. ಫಿಲ್ಮ್ ಅಡ್ಡಕ್ಕೆ ಸರಿಯುತ್ತದೆ, ಅದರ ಮೇಲಿನ ಪ್ರತಿ ಚಿತ್ರವೂ ಅರ್ಧ ಅಗಲದ್ದು. ಆದುದರಿಂದ ಕ್ಯಾಮೆರಾವನ್ನು ಸಹಜವಾಗಿ ಅಡ್ಡ ಹಿಡಿದಾಗ ವ್ಯೂಫೈಂಡರಿನಲ್ಲಿ ಕಾಣುವ ಚೌಕಟ್ಟು ಉದ್ದ ನಿಲುವಿನದು. ಅಡ್ಡ ಚಿತ್ರ ಬೇಕಾದರೆ ಕ್ಯಾಮೆರಾವನ್ನೇ ತಿರುಗಿಸಬೇಕು. ಮೊದಲಿಗೆ ಒಗ್ಗದ ಈ ನಿಲುವು ಕ್ರಮೇಣ ಕಣ್ಣಿಗೆ ಹೊಸ ಅಭ್ಯಾಸ ಕಲಿಸುತ್ತದೆ. ನಿಂತ ಮನುಷ್ಯರು, ಮರಗಳು, ಬಾಗಿಲುಗಳು, ಮೆಟ್ಟಿಲುಗಳು ಚೌಕಟ್ಟಿಗೆ ತಾವಾಗಿಯೇ ಹೊಂದುತ್ತವೆ. ವಿಶಾಲ ದೃಶ್ಯದಲ್ಲಿ ಯಾವ ಒಂದು ಪಟ್ಟಿ ಮುಖ್ಯ ಎಂದು ನಿರ್ಧರಿಸಬೇಕಾಗುತ್ತದೆ. ಫಿಲ್ಮಿನ ಮೇಲೆ ಎರಡು ಚಿತ್ರಗಳು ಒಂದು ಪೂರ್ಣ ಫ್ರೇಮಿನ ಜಾಗದಲ್ಲಿ ಪಕ್ಕಪಕ್ಕದಲ್ಲಿ ಕೂರುವುದರಿಂದ ಜೋಡಿಚಿತ್ರಗಳನ್ನು ಯೋಜಿಸಿ ತೆಗೆಯುವ ಆಸೆಯೂ ಹುಟ್ಟುತ್ತದೆ: ಒಂದರಲ್ಲಿ ಕೆಲಸ ಮಾಡುವ ಕೈಗಳು, ಮುಂದಿನದರಲ್ಲಿ ಆ ಕೈಗಳ ಒಡೆಯನ ಮುಖ. ನಾನು ಮೆಚ್ಚಿಕೊಂಡಿರುವ ಚಿತ್ರಗಳು ಹೆಚ್ಚಾಗಿ ಇಂಥ ಜೋಡಿಗಳೇ.

36 ಚಿತ್ರಗಳ ರೋಲಿನಲ್ಲಿ 72 ಚಿತ್ರಗಳು ಬರುತ್ತವೆ. ಫಿಲ್ಮ್ ದುಬಾರಿಯಾಗಿರುವ ಈ ಕಾಲದಲ್ಲಿ ಇದು ದೊಡ್ಡ ಉಳಿತಾಯ. ಆದರೆ ರೋಲು ಮುಗಿಯುವಷ್ಟರಲ್ಲಿ ವಾರಗಳು ಕಳೆದು, ಮೊದಲ ಚಿತ್ರಗಳನ್ನು ಯಾವ ಸಂದರ್ಭದಲ್ಲಿ ತೆಗೆದೆವೆಂಬುದೇ ಮರೆತುಹೋಗುತ್ತದೆ. ಬಿಸಿಲಿನ ಚಿತ್ರಗಳಿಗೆಂದು ಹಾಕಿದ ಫಿಲ್ಮ್ ಮುಗಿಯುವ ಮೊದಲೇ ಸಂಜೆಯ ಬೆಳಕಿಗೆ ಹೋಗಬೇಕಾಗುತ್ತದೆ. ಇದಕ್ಕೆ 24ರ ರೋಲು ಹಾಕಿ 48 ಚಿತ್ರ ತೆಗೆಯುವುದು ಒಳ್ಳೆಯ ಪರಿಹಾರ. ಫಿಲ್ಮಿನ ಕಣಗಳ (ಹಿಗ್ಗಿಸಿದಾಗ ಚಿತ್ರದಲ್ಲಿ ಕಾಣುವ ಚುಕ್ಕೆಗಳ) ವಿಷಯದಲ್ಲಿ ರಾಜಿ ಅನಿವಾರ್ಯ: ಒಂದೇ ಅಳತೆಯ ಪ್ರಿಂಟಿಗೆ ಅರ್ಧ ಫ್ರೇಮನ್ನು ಪೂರ್ಣ ಫ್ರೇಮಿಗಿಂತ ಸುಮಾರು 1.4 ಪಟ್ಟು ಹೆಚ್ಚು ಹಿಗ್ಗಿಸಬೇಕಾಗುತ್ತದೆ. ಕೊಡಕ್ ಟ್ರೈ-ಎಕ್ಸ್ 400 ಅಥವಾ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಬಳಸಿದಾಗ ಕಣಗಳು ಚಿತ್ರದ ಮೇಲೆ ಎದ್ದು ಕಾಣುತ್ತವೆ, ಬೀದಿಯ ಚಿತ್ರಗಳಿಗೆ ಅದು ಒಪ್ಪುತ್ತದೆ. ಆಕಾಶ, ನೀರು, ಮುಖದ ಚರ್ಮದಂಥ ನಯವಾದ ಮೇಲ್ಮೈಗಳಿಗೆ ಇಲ್ಫೋರ್ಡ್ ಎಫ್‌ಪಿ4 ಪ್ಲಸ್‌ನಂಥ ನಿಧಾನ (ಕಡಿಮೆ ಐಎಸ್‌ಒದ) ಫಿಲ್ಮೇ ಲೇಸು. ಪ್ರಿಂಟನ್ನು ಗೋಡೆಯ ತುಂಬ ಹಿಗ್ಗಿಸುವ ಯೋಚನೆಯಿರುವವರು ಈ ಕ್ಯಾಮೆರಾದ ಕಡೆ ಬರುವುದು ಬೇಡ.

ಲ್ಯಾಬಿಗೆ ಕೊಡುವಾಗ ಫಿಲ್ಮ್ ಅರ್ಧ ಫ್ರೇಮಿನದೆಂದು ಚೀಟಿಯ ಮೇಲೆ ಬರೆದು, ಬಾಯಲ್ಲಿಯೂ ಹೇಳುವುದು ಒಳಿತು. ಡೆವಲಪ್ ಮಾಡುವ ವಿಧಾನದಲ್ಲಿ ವ್ಯತ್ಯಾಸವಿಲ್ಲ. ಸ್ಕ್ಯಾನ್ ಮಾಡುವವರು ಮಾತ್ರ ತಿಳಿಯದೆ ಎರಡು ಚಿತ್ರಗಳನ್ನು ಒಂದೇ ಕಡತದಲ್ಲಿ ಸೇರಿಸಬಹುದು. ಜೋಡಿಗಳನ್ನು ಬಯಸಿ ತೆಗೆದವರಿಗೆ ಅದೇ ವರವಾಗುವುದುಂಟು. ನೆಗೆಟಿವನ್ನು ತುಂಡು ಮಾಡುವಾಗ ಚಿತ್ರದ ನಡುವೆ ಕತ್ತರಿ ಬೀಳದಂತೆ ನೋಡಿಕೊಳ್ಳಿ ಎಂದು ಹೇಳುವುದಂತೂ ಅಗತ್ಯ.

ಅರ್ಧ ಫ್ರೇಮಿಗೆ ಈಗ ಮತ್ತೆ ಬೇಡಿಕೆ ಬಂದಿದೆ. 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಸ ಅರ್ಧ ಫ್ರೇಮಿನ ಫಿಲ್ಮ್ ಕ್ಯಾಮೆರಾ ಬಿಡುಗಡೆಯಾಯಿತು. ಫಿಲ್ಮನ್ನು ಈಗಷ್ಟೇ ಶುರು ಮಾಡುವವರಿಗೆ, ದುರಸ್ತಿಯ ತಲೆನೋವು ಬೇಡದವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಆದರೆ ಅದರಲ್ಲಿ ಲೆನ್ಸ್ ಬದಲಿಸಲಾಗದು, ದೂರವನ್ನು ಕಣ್ಣಳತೆಯಲ್ಲಿ ಅಂದಾಜಿಸಿ ಹತ್ತಿರ, ದೂರ ಎಂಬಂಥ ವಲಯಗಳಲ್ಲಿ ಒಂದನ್ನು ಆರಿಸಬೇಕು. ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುವ ಸುಖ ಪೆನ್ ಎಫ್‌ನದು. ದುರಸ್ತಿಗೆ ಕೊಟ್ಟ ಹಣ ನಾನು ಕ್ಯಾಮೆರಾಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚಾಯಿತು, ಅದನ್ನು ಸೇರಿಸಿಯೇ ಬೆಲೆ ಎಣಿಸಬೇಕು. ಹಾಗೆ ಎಣಿಸಿದ ಮೇಲೂ ನನಗೆ ಇದು ಲಾಭದ ವ್ಯವಹಾರವೇ.

ಕೊನೆಯದಾಗಿ ಲೆನ್ಸ್ ಇಲ್ಲದ ಬಾಡಿಗಳ ಬಗ್ಗೆ ಒಂದು ಮಾತು. ಪೆನ್ ಎಫ್ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಮೈಕ್ರೋ ಫೋರ್ ಥರ್ಡ್ಸ್‌ನಂಥ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸಬಹುದಾದ್ದರಿಂದ ಅವುಗಳಿಗೆ ಪ್ರತ್ಯೇಕ ಬೇಡಿಕೆಯಿದೆ, ಬರಿಯ ಬಾಡಿಗಳು ಅಗ್ಗವಾಗಿ ಉಳಿದುಬಿಡುತ್ತವೆ. ಅಂಥದನ್ನು ಕೊಂಡು ಆಮೇಲೆ ಲೆನ್ಸ್ ಹುಡುಕಿದರೆ ಒಟ್ಟು ಖರ್ಚು ಲೆನ್ಸ್ ಸಮೇತ ಸಿಗುವ ಕ್ಯಾಮೆರಾದ ಬೆಲೆಯನ್ನು ದಾಟಬಹುದು. ಆದ್ದರಿಂದ 38 ಮಿಲಿಮೀಟರ್ ಲೆನ್ಸ್ ಮುಂದೆ ಕೂತಿರುವ, 1 ಸೆಕೆಂಡಿನ ವೇಗವನ್ನು ಕಿವಿಗೊಟ್ಟು ಪರೀಕ್ಷಿಸಲು ಮಾರಾಟಗಾರರು ಅವಕಾಶ ಕೊಡುವ ಕ್ಯಾಮೆರಾವನ್ನೇ ಕೊಳ್ಳಿ, ಲೆವರನ್ನು ಎರಡು ಬಾರಿ ಎಳೆದು ನೋಡಿ.