ಅಜ್ಜನ ಕಪ್ಪು-ಬಿಳುಪು ಫೋಟೋಗೆ ಯಾವ ಇಂಕು?

ಧಾರವಾಡದ ಮನೆಯ ಪಡಸಾಲೆಯಲ್ಲಿ ಹಾಕೋಕೆ ಅಜ್ಜನ ಫೋಟೋ ಪ್ರಿಂಟ್ ಮಾಡಿಸಬೇಕು, ಡೈ ಇಂಕೋ ಪಿಗ್ಮೆಂಟ್ ಇಂಕೋ ಅಂತ ಕೇಳಿದ್ದೀರಿ. ಡೈ ಅಂದರೆ ದ್ರವದಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ಅಂದರೆ ಕರಗದೆ ತೇಲುವ ನುಣ್ಣನೆಯ ಬಣ್ಣದ ಪುಡಿ. ಮೂರನೆಯದೂ ಇದೆ, ಕಾರ್ಬನ್ ಇಂಕು.

ಮೊದಲು ಬಾಳಿಕೆ. ನಾನು ಮೂರರಲ್ಲೂ ಒಂದೇ ಚಿತ್ರ ತೆಗೆಸಿ, ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಪಶ್ಚಿಮದ ಕಿಟಕಿಗೆ ಅಂಟಿಸಿದ್ದೆ. ಬೇಸಿಗೆ ಮುಗಿದ ಮೇಲೆ ಫಾಯಿಲ್ ಬಿಚ್ಚಿದೆ. ಡೈ ಪ್ರಿಂಟಿನಲ್ಲಿ ರುಮಾಲಿನ ನೆರಳು ಹಸಿರಿಗೆ ತಿರುಗಿ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಬಣ್ಣದ ಇಂಕುಗಳನ್ನು ಬೆರೆಸಿ ಬೂದು ಮಾಡಿದರೆ ಹೀಗೇ: ಒಂದು ಬಣ್ಣ ಬೇಗ ಮಾಸುತ್ತದೆ, ಇನ್ನೊಂದು ಉಳಿಯುತ್ತದೆ. ಪಿಗ್ಮೆಂಟಿನಲ್ಲಿ ವ್ಯತ್ಯಾಸ ಹುಡುಕಬೇಕಾಯಿತು. ಕಾರ್ಬನ್‌ನಲ್ಲಿ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅದು ಹೊಗೆಯ ಮಸಿಯಂಥ ಇಂಗಾಲವೇ ಅಲ್ವಾ, ಬೆಳಕಿಗೆ ಜಗ್ಗುವುದಿಲ್ಲ. ಆದರೆ ತುಸು ಕಂದು ಛಾಯೆ ಇರುತ್ತದೆ.

ಖರ್ಚಿನಲ್ಲಿ ಡೈ ಅಗ್ಗ. ಹೊಳಪಿನ ಕಾಗದದ ಮೇಲೆ ಚೆಂದವೂ ಹೌದು, ಆದರೆ ಮಳೆಗಾಲದ ತೇವಕ್ಕೆ ಹರಡಬಹುದು. ಪಿಗ್ಮೆಂಟ್, ಕಾರ್ಬನ್ ಎರಡೂ ದುಬಾರಿ. ಪ್ರಿಂಟರ್ ಸುಮ್ನೆ ಬಿಟ್ಟರೆ ಇಂಕು ಚಿಮ್ಮುವ ನಳಿಗೆ ಕಟ್ಟಿಕೊಳ್ಳುತ್ತದೆ.

ಆಲ್ಬಮ್ಮಿನಲ್ಲಿ ಇಡೋದಾದರೆ, ಹಂಚೋಕೆ ಜಾಸ್ತಿ ಪ್ರತಿ ಬೇಕಾದರೆ ಡೈ ಸಾಕು. ಗೋಡೆಗಾದರೆ ಪಿಗ್ಮೆಂಟ್, ಗಾಜಿನ ಚೌಕಟ್ಟಿನೊಳಗೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು, ಕಂದು ಛಾಯೆ ಇಷ್ಟ ಅಂದರೆ ಕಾರ್ಬನ್. ಅದಕ್ಕೆ ಹತ್ತಿಯ ಮ್ಯಾಟ್ ಕಾಗದವನ್ನೇ ಕೇಳಿ. ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿದ ಅಚ್ಚ ಬಿಳಿ ಕಾಗದ ಬೇಡ, ಇಂಕು ಗಟ್ಟಿ ಇದ್ದರೂ ಆ ಬಿಳುಪು ಮಾಸುತ್ತದೆ.