ವೈ-ಫೈ ಪ್ಲಗ್, ವೈ-ಫೈ ಬ್ರೇಕರ್, ಸಿಮ್ ಡಬ್ಬಿ: ದುರ್ಗದ ಹಳೇ ಮನೆಯಲ್ಲಿ ಮೂರನ್ನೂ ಹಾಕಿ ನೋಡಿದ್ದು

ನನ್ನ ಕೆಲಸ ದಾವಣಗೆರೆಯಲ್ಲಿ. ಅಪ್ಪ, ಅಮ್ಮ ಇರುವುದು ಚಿತ್ರದುರ್ಗದಲ್ಲಿ. ಮನೆ ಹಳೆಯದು, ಗೋಡೆ ಕಲ್ಲಿನದು, ವೈರಿಂಗ್‌ಗೆ ಹೆಚ್ಚು ಕಡಿಮೆ ನನ್ನಷ್ಟೇ ವಯಸ್ಸು. ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು. ಗೀಸರ್ ಸ್ವಿಚ್ ಮುಟ್ಟಲೇ ಬೇಡಿ ಎಂದು ಹೇಳಿ ಎಲೆಕ್ಟ್ರಿಷಿಯನ್‌ನನ್ನು ಕಳಿಸಿದೆ. ಜೊತೆಗೆ, ಆ ಮನೆಯ ಕರೆಂಟನ್ನು ಇಲ್ಲಿಂದಲೇ ಗಮನಿಸುವ ಸಾಧನ ಯಾವುದಾದರೂ ಇದೆಯಾ ಎಂದು ಹುಡುಕತೊಡಗಿದೆ.

ಹುಡುಕಿದವರಿಗೆ ಮೊದಲು ಕಾಣುವುದು ಅಮೆರಿಕದ ಟಿಂಗ್. ಸಾಕೆಟ್ಟಿಗೆ ಚುಚ್ಚಿದರೆ ಸಾಕು, ಮನೆಯ ವೈರುಗಳಲ್ಲಿ ಎಲ್ಲಾದರೂ ಸಣ್ಣ ಕಿಡಿ ಹಾರುತ್ತಿದ್ದರೆ ಅದರ ಸುಳಿವು ಹಿಡಿದು ವೈ-ಫೈ ಮೂಲಕ ತಿಳಿಸುತ್ತದೆ. ಆದರೆ ಅದನ್ನು ಮಾಡಿರುವುದು ಅಲ್ಲಿನ 120 ವೋಲ್ಟ್ ಮನೆಗಳಿಗೆ. ನಮ್ಮದು 230. ಯಾರದೋ ಸೂಟ್‌ಕೇಸಿನಲ್ಲಿ ತರಿಸುವ ಆಸೆ ಬೇಡ. ಇಲ್ಲಿ ಸಿಗುವುದರಲ್ಲೇ ಮೂರು ದಾರಿ ಇವೆ: ಸಾಕೆಟ್ಟಿಗೆ ಹಾಕುವ ವೈ-ಫೈ ಪ್ಲಗ್, ಡಿ.ಬಿ.ಯೊಳಗೆ (ಮನೆಯ ಬ್ರೇಕರುಗಳೆಲ್ಲ ಇರುವ ಪೆಟ್ಟಿಗೆ) ಕೂರುವ ವೈ-ಫೈ ಬ್ರೇಕರ್, ಕರೆಂಟಿನ ಸುದ್ದಿಯನ್ನು ಮೆಸೇಜಿನಲ್ಲಿ ಕಳಿಸುವ, ಸಿಮ್ ಹಾಕುವ ಡಬ್ಬಿ. ಮೂರನ್ನೂ ಆ ಮನೆಯಲ್ಲೇ ಹಾಕಿ ನೋಡಿದೆ. ನಾನು ನೋಡಿದ್ದು ಮುಖ್ಯವಾಗಿ ಒಂದೇ: ನೆಟ್ ಇಲ್ಲದಾಗ, ಕರೆಂಟ್ ಇಲ್ಲದಾಗ ಇವು ಏನು ಮಾಡುತ್ತವೆ? ಎಲ್ಲ ಸರಿ ಇದ್ದಾಗ ಆ್ಯಪ್‌ಗಳೆಲ್ಲ ಚೆಂದವೇ.

ವೈ-ಫೈ ಪ್ಲಗ್ ಅಗ್ಗ. 16 ಆಂಪ್ಸಿನದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಹಾಕಲು ಯಾರೂ ಬರಬೇಕಿಲ್ಲ. ವೋಲ್ಟೇಜ್, ಆಂಪ್ಸ್, ಯೂನಿಟ್ ಫೋನಿನಲ್ಲಿ ಕಾಣುತ್ತವೆ. ಎಲ್ಲ ಪ್ಲಗ್ಗಿನಲ್ಲೂ ಕಾಣುವುದಿಲ್ಲ, ಡಬ್ಬಿಯ ಮೇಲೆ ಎನರ್ಜಿ ಮಾನಿಟರಿಂಗ್ ಎಂದು ಇರಬೇಕು.

ಇದನ್ನು ವೈ-ಫೈಗೆ ಸೇರಿಸುವುದೇ ದೊಡ್ಡ ಕಾಟ. ಈ ಪ್ಲಗ್ಗುಗಳಿಗೆ ಬರುವುದು ಸಾಮಾನ್ಯವಾಗಿ 2.4 ಗಿಗಾಹರ್ಟ್ಜ್ ವೈ-ಫೈ ಮಾತ್ರ. ಈಗಿನ ಫೈಬರ್ ರೂಟರುಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ತೋರಿಸುತ್ತವೆ. ಫೋನು 5ರಲ್ಲಿ ಕೂತಿರುತ್ತದೆ, ಪ್ಲಗ್ 2.4ರಲ್ಲಿ ಕಾಯುತ್ತಿರುತ್ತದೆ, ಆ್ಯಪ್ ಮಾತ್ರ ನೂರು ಪರ್ಸೆಂಟ್ ಹತ್ತಿರ ಹೋಗಿ ಫೇಲ್ ಅನ್ನುತ್ತದೆ. ರೂಟರ್ ಸೆಟ್ಟಿಂಗಿನಲ್ಲಿ 5ನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಪ್ಲಗ್ ಸೇರಿಸಿ, ಮತ್ತೆ ಆನ್ ಮಾಡಿ. 2.4 ಮಾತ್ರ ಇರುವ ಗೆಸ್ಟ್ ನೆಟ್‌ವರ್ಕ್ ಮಾಡಿಟ್ಟರೆ ಇನ್ನೂ ವಾಸಿ. ರೂಟರಿನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೂ ಹಲವು ಪ್ಲಗ್ಗುಗಳು ಸೇರುವುದಿಲ್ಲ, ಡಬ್ಲ್ಯುಪಿಎ2ಗೆ ತರಬೇಕು.

ಇನ್ನೊಂದು ವಿಷಯ, ದೀಪ ಮಿಟುಕುವ ರೀತಿ. ಬೇಗ ಬೇಗ ಮಿಟುಕಿದರೆ ಒಂದು ಬಗೆಯ ಜೋಡಣೆ, ನಿಧಾನವಾಗಿ ಮಿಟುಕಿದರೆ ಇನ್ನೊಂದು. ಎರಡನೆಯದರಲ್ಲಿ ಪ್ಲಗ್ಗೇ ಪುಟ್ಟ ವೈ-ಫೈ ಹೊರಡಿಸುತ್ತದೆ, ಫೋನು ಅದಕ್ಕೆ ಸೇರಬೇಕು. ಅಲ್ಲಿ ಇಂಟರ್‌ನೆಟ್ ಇಲ್ಲ ಎಂದು ಫೋನು ತಾನೇ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ. ಅಷ್ಟು ಹೊತ್ತು ಡೇಟಾ ಆಫ್ ಮಾಡಿ, ಲೊಕೇಶನ್ ಆನ್ ಇಡಿ. ಮೊದಲ ಬಗೆ ಕೈಕೊಟ್ಟರೂ ಇದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಸೇರಿಸಿದ ಮೇಲೂ ರಾತ್ರಿ ಹತ್ತಾಯಿತೆಂದರೆ ಪ್ಲಗ್ ಆಫ್‌ಲೈನ್. ಬೆಳಿಗ್ಗೆ ತಾನಾಗಿಯೇ ಸರಿ. ಚಾನೆಲ್ ಬದಲಿಸಿದೆ, ರೀಸೆಟ್ ಮಾಡಿಸಿದೆ, ಏನೂ ಆಗಲಿಲ್ಲ. ಕೊನೆಗೆ ತಿಳಿದ ಕಾರಣ ಅಪ್ಪ! ಮಲಗುವ ಮುಂಚೆ ರೂಟರ್ ಆರಿಸುವುದು ಅವರ ಪದ್ಧತಿ. "ರಾತ್ರಿಯೆಲ್ಲ ಅದು ಯಾರಿಗೆ ಬೇಕಪ್ಪ, ಸುಮ್ನೆ ಕರೆಂಟ್ ದಂಡ" ಅಂದರು. ಹತ್ತು ವ್ಯಾಟ್ ಹಿಡಿದರೂ ಎಂಟು ಗಂಟೆಗೆ 0.08 ಯೂನಿಟ್ ಅಷ್ಟೇ ಅಪ್ಪಾ ಎಂದು ಲೆಕ್ಕ ಹೇಳಿದೆ. ಅರ್ಧ ಒಪ್ಪಿದರು. ಉಳಿದರ್ಧಕ್ಕೆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ ಬಂದೆ.

ಪ್ಲಗ್ಗಿನ ನಿಜವಾದ ಕೊರತೆ ಬೇರೆ. ಕರೆಂಟ್ ಹೋದರೆ ಅದೂ ಸಾಯುತ್ತದೆ, ಹೋಯಿತು ಎಂದು ಹೇಳಲು ಅದಕ್ಕೆ ಜೀವವೇ ಇರುವುದಿಲ್ಲ. ಆ್ಯಪ್ ಆಫ್‌ಲೈನ್ ಅನ್ನುತ್ತದೆ, ಹೋದದ್ದು ನೆಟ್ಟೋ ಕರೆಂಟೋ ತಿಳಿಯುವುದಿಲ್ಲ. ಇದಕ್ಕೆ ಒಂದು ಉಪಾಯವಿದೆ. ರೂಟರನ್ನು ಯುಪಿಎಸ್ ಲೈನಿಗೆ ಹಾಕಿ. ಒಂದು ಪ್ಲಗ್ ಯುಪಿಎಸ್ ಲೈನಿನಲ್ಲಿ, ಇನ್ನೊಂದು ಮೇನ್ ಲೈನಿನಲ್ಲಿ ಇರಲಿ. ಎರಡೂ ಆಫ್‌ಲೈನ್ ಆದರೆ ಸಾಮಾನ್ಯವಾಗಿ ನೆಟ್ ಹೋಗಿದೆ. ಮೇನ್ ಲೈನಿನದು ಮಾತ್ರ ಆಫ್‌ಲೈನ್ ಆದರೆ ಕರೆಂಟ್ ಹೋಗಿದೆ, ಇಲ್ಲವೇ ಮನೆಯ ಮೇನ್ ಟ್ರಿಪ್ ಆಗಿದೆ. ಪಕ್ಕದ ಮನೆಗೆ ಒಂದು ಫೋನ್ ಮಾಡಿದರೆ ಅದೂ ಬಗೆಹರಿಯುತ್ತದೆ.

ಈ ಪ್ಲಗ್ಗಿಗೆ ಫ್ರಿಜ್ ಹಾಕುವವರು ಒಂದು ಸೆಟ್ಟಿಂಗ್ ನೋಡಲೇಬೇಕು. ಕರೆಂಟ್ ಹೋಗಿ ಬಂದಾಗ ಪ್ಲಗ್ ಆನ್ ಆಗಬೇಕಾ, ಆಫ್ ಇರಬೇಕಾ, ಮೊದಲಿದ್ದ ಹಾಗೇ ಇರಬೇಕಾ ಎಂದು ಅದರಲ್ಲಿ ಆಯ್ಕೆ ಇರುತ್ತದೆ. ಆಫ್ ಎಂದಿದ್ದರೆ ಹಾಲು ಮೊಸರಿನ ಗತಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬೈದರೂ, ಮನೆಯಲ್ಲಿದ್ದ ಒಂದು ದೊಡ್ಡ ಅಪಾಯ ತೋರಿಸಿದ್ದು ಇದೇ ಅಗ್ಗದ ಪ್ಲಗ್. ಗೀಸರ್ ರಿಪೇರಿ ಆದ ಮೇಲೂ ಅದನ್ನು ಹಾಕಿದ ಕೂಡಲೇ ಹಾಲ್‌ನಲ್ಲಿದ್ದ ಪ್ಲಗ್ಗಿನ ವೋಲ್ಟೇಜ್ 226ರಿಂದ 205ರ ಹತ್ತಿರಕ್ಕೆ ಬೀಳುತ್ತಿತ್ತು. 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪ್ಸ್. 20 ವೋಲ್ಟ್ ಬೀಳುತ್ತಿದೆ ಎಂದರೆ 180 ವ್ಯಾಟಿನಷ್ಟು ಬಿಸಿ ದಾರಿಯಲ್ಲೇ ಎಲ್ಲೋ ಹುಟ್ಟುತ್ತಿದೆ. ಎಲೆಕ್ಟ್ರಿಷಿಯನ್ ಮೀಟರಿನ ಹತ್ತಿರ ಅಳೆದಾಗ ಇಳಿತ ನಾಲ್ಕೈದು ವೋಲ್ಟ್ ಮಾತ್ರ. ಅಂದರೆ ಉಳಿದ ತಪ್ಪು ನಮ್ಮ ಮನೆಯೊಳಗೇ. ಮೇನ್ ಸ್ವಿಚ್ ಬಿಚ್ಚಿದರೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ಸ್ಕ್ರೂ ಸಡಿಲ, ವೈರಿನ ಸಿಪ್ಪೆ ಕಂದುಗಟ್ಟಿತ್ತು. ಎಂ.ಸಿ.ಬಿ.ಗೆ, ಅಂದರೆ ಮನೆಯ ಮಾಮೂಲಿ ಬ್ರೇಕರಿಗೆ, ಇದು ಗೊತ್ತೇ ಆಗುವುದಿಲ್ಲ. ಆಂಪ್ಸ್ ಜಾಸ್ತಿಯಾಗದೆ ಅದು ಬೀಳುವುದಿಲ್ಲ ಅಲ್ವಾ? ಸಡಿಲ ಜೋಡಣೆಯಲ್ಲಿ ಆಂಪ್ಸ್ ಜಾಸ್ತಿ ಆಗುವುದಿಲ್ಲ, ಬಿಸಿ ಮಾತ್ರ ಜಾಸ್ತಿ.

ವೈ-ಫೈ ಬ್ರೇಕರ್ ಡಿ.ಬಿ.ಯೊಳಗೆ ಎಂ.ಸಿ.ಬಿ.ಗಳ ಸಾಲಿನಲ್ಲೇ ಕೂರುತ್ತದೆ. ಹಾಕುವುದು ಎಲೆಕ್ಟ್ರಿಷಿಯನ್ ಕೆಲಸ, ಮೇನ್ ಆಫ್ ಮಾಡಿಯೇ. ಪ್ಲಗ್ ಒಂದು ಸಾಕೆಟ್ಟನ್ನು ಕಟ್ ಮಾಡಿದರೆ ಇದು ಇಡೀ ಮನೆಯನ್ನು ಕಟ್ ಮಾಡುತ್ತದೆ. ಓವರ್ ವೋಲ್ಟೇಜ್, ಲೋ ವೋಲ್ಟೇಜ್, ಓವರ್‌ಲೋಡ್ ಮೂರಕ್ಕೂ ಮಿತಿ ಇಡಬಹುದು.

ನನಗೆ ಇದು ಇಷ್ಟವಾದದ್ದು ಒಂದು ಪರೀಕ್ಷೆಯಿಂದ. ರೂಟರ್ ಆರಿಸಿದೆ. ಬ್ರೇಕರಿನ ಮೇಲಿದ್ದ ಗುಂಡಿಯಿಂದಲೇ ಓವರ್ ವೋಲ್ಟೇಜ್ ಮಿತಿಯನ್ನು ಆ ಹೊತ್ತಿನ ವೋಲ್ಟೇಜಿಗಿಂತ ಕೆಳಗೆ ಇಳಿಸಿದೆ. ಟಕ್ ಎಂದು ಕಟ್ ಆಯಿತು. ಅಂದರೆ ಕಾಯುವ ಬುದ್ಧಿ ಬ್ರೇಕರಿನೊಳಗೇ ಇದೆ, ವೈ-ಫೈ ಬೇಕಿರುವುದು ಸುದ್ದಿ ಹೇಳಲು ಮಾತ್ರ. ಪ್ಲಗ್ಗಿನ ಆ್ಯಪ್‌ನಲ್ಲಿ, ವೋಲ್ಟೇಜ್ ಇಷ್ಟು ದಾಟಿದರೆ ಆರಿಸು ಎಂಬಂಥ, ನಾವೇ ಬರೆದುಕೊಳ್ಳುವ ನಿಯಮಗಳು ಎಷ್ಟೋ ಸಲ ಕಂಪನಿಯ ಸರ್ವರ್ ಮೂಲಕವೇ ನಡೆಯುತ್ತವೆ. ನೆಟ್ ಹೋದರೆ ಆ ನಿಯಮವೂ ಹೋಯಿತು. ಕೊಂಡ ದಿನವೇ ಈ ಪರೀಕ್ಷೆ ಮಾಡಿ. ಕಟ್ ಆಗದಿದ್ದರೆ ವಾಪಸ್ ಕೊಡಿ.

ಮಿತಿ ಎಷ್ಟಿಡಬೇಕು? ನಮ್ಮಲ್ಲಿ 230ಕ್ಕೆ ಹತ್ತು ಪರ್ಸೆಂಟ್ ಆಚೀಚೆ, ಅಂದರೆ 207ರಿಂದ 253 ಸರಿಯಾದ ವೋಲ್ಟೇಜ್. ಪುಸ್ತಕದ ಲೆಕ್ಕ ನೋಡಿ 207 ಇಟ್ಟರೆ ಬೇಸಿಗೆಯ ಸಂಜೆಗಳಲ್ಲಿ ಮನೆ ಕತ್ತಲಲ್ಲೇ ಇರುತ್ತದೆ. ನಾನು ಕೆಳಗೆ 180, ಮೇಲೆ 265 ಇಟ್ಟಿದ್ದೇನೆ. ಮತ್ತೆ ಆನ್ ಆಗುವುದಕ್ಕೆ ಮೂರು ನಿಮಿಷದ ಬಿಡುವು, ಫ್ರಿಜ್ಜಿನ ಕಂಪ್ರೆಸರ್ ಉಳಿಯಬೇಕಲ್ಲ.

ಕಾಟ ಕೊಟ್ಟದ್ದು ಸಿಗ್ನಲ್. ಕಬ್ಬಿಣದ ಡಿ.ಬಿ., ಮಧ್ಯೆ ಕಲ್ಲುಗೋಡೆ, ಆಚೆ ರೂಟರ್. ರೂಟರಿನ ಪುಟದಲ್ಲಿ ಸಿಗ್ನಲ್ ನೋಡಿದರೆ ಡಿ.ಬಿ. ಬಾಗಿಲು ತೆಗೆದಾಗ ಮೈನಸ್ 68 ಡಿಬಿಎಂ (ಸಿಗ್ನಲ್ಲಿನ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ದುರ್ಬಲ), ಮುಚ್ಚಿದಾಗ ಮೈನಸ್ 81. ಮೈನಸ್ 70ರಿಂದ ಕೆಳಗೆ ಹೋದಂತೆ ಇಂಥವು ಬಂದು ಹೋಗಿ ಆಟ ಆಡುತ್ತವೆ. ಕಬ್ಬಿಣದ ಬಾಗಿಲು ತೆಗೆಸಿ ಪ್ಲಾಸ್ಟಿಕ್ ಬಾಗಿಲಿನ ಡಿ.ಬಿ. ಹಾಕಿಸಿದೆವು, ರೂಟರನ್ನು ಪಡಸಾಲೆಗೆ ತಂದೆವು. ಬಾಗಿಲನ್ನು ಸುಮ್ನೆ ತೆರೆದೇ ಬಿಡುವವರೂ ಇದ್ದಾರೆ. ಮಕ್ಕಳಿರುವ ಮನೆಯಲ್ಲಿ ಅದು ಬೇಡ.

ಇನ್ನು ಅಮ್ಮನಿಗೆ ಹೊಡೆದ ಶಾಕ್. ಅದನ್ನು ಈ ಎರಡರಲ್ಲಿ ಯಾವುದೂ ಹಿಡಿಯುವುದಿಲ್ಲ. ವೈ-ಫೈ ಬ್ರೇಕರುಗಳಲ್ಲಿ ಲೀಕೇಜ್ (ದಾರಿ ತಪ್ಪಿ ಸೋರುವ ಕರೆಂಟು) ಹಿಡಿಯುವವೂ ಇವೆ, ನಾನು ತಂದದ್ದರಲ್ಲಿ ಇರಲಿಲ್ಲ, ಇದ್ದಿದ್ದರೂ ಜೀವದ ವಿಷಯವನ್ನು ಅದರ ಮೇಲೆ ಬಿಡುತ್ತಿರಲಿಲ್ಲ. ಅದಕ್ಕೆ ಬೇಕಿರುವುದು ಐ.ಎಸ್. 12640 ಎಂಬ ಭಾರತೀಯ ಮಾನಕದ ಗುರುತಿನ, 30 ಮಿಲಿಆಂಪಿಯರಿನ ಮಾಮೂಲಿ ಆರ್‌ಸಿಸಿಬಿ, ಅಂದರೆ ಲೀಕೇಜ್ ಆದರೆ ಬೀಳುವ ಬ್ರೇಕರ್. ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ. ಹೋದ ಕರೆಂಟು ಅಷ್ಟೇ ವಾಪಸ್ ಬರದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಕಟ್. ಗೀಸರಿನಲ್ಲಿ ನೀರು ಕಾಯಿಸುವ ಎಲಿಮೆಂಟ್ ಒಡೆದಿತ್ತು. ಬೋರ್ ನೀರಿನ ಸುಣ್ಣ ಕಟ್ಟುವ ಕಡೆ ಇದು ಹೊಸದೇನಲ್ಲ.

ಆರ್‌ಸಿಸಿಬಿ ಹಾಕಿದ ದಿನವೇ ಪದೇ ಪದೇ ಬೀಳತೊಡಗಿತು. "ಹಳೇ ಮನೆಗೆ ಇದು ನಿಲ್ಲಲ್ಲ ಸಾರ್, ತೆಗೆದುಬಿಡೋಣ" ಎಂದ ಎಲೆಕ್ಟ್ರಿಷಿಯನ್. ಈ ಮಾತು ಎಷ್ಟು ಮನೆಗಳಲ್ಲಿ ನಡೆಯುತ್ತದೋ! ತೆಗೆಯಲು ಬಿಡಲಿಲ್ಲ. ನೋಡಿದರೆ ಯುಪಿಎಸ್ ಲೈನಿನ ನ್ಯೂಟ್ರಲ್ಲೂ ಮೇನ್ ಲೈನಿನ ನ್ಯೂಟ್ರಲ್ಲೂ ಒಂದೇ ಕಡೆ ಸೇರಿದ್ದವು. ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಬಂದರೆ ಆರ್‌ಸಿಸಿಬಿ ಅದನ್ನು ಲೀಕೇಜ್ ಎಂದೇ ಎಣಿಸುತ್ತದೆ. ಎರಡನ್ನೂ ಬೇರೆ ಮಾಡಿದ ಮೇಲೆ ನಿಂತಿತು.

ಅರ್ತಿಂಗ್ ಕಥೆಯೂ ಇದೆ. ದುರ್ಗದ ನೆಲ ಕಲ್ಲು, ಬೇಸಿಗೆಯಲ್ಲಿ ಒಣಗಿ ಗಟ್ಟಿ. ಫೇಸಿಗೂ ಅರ್ತಿಗೂ ಮಧ್ಯೆ ಮಲ್ಟಿಮೀಟರ್ ಇಟ್ಟರೆ 220 ತೋರಿಸಿತು, ಎಲ್ಲ ಸರಿ ಎನ್ನುವ ಹಾಗೆ. ಅದೇ ಜಾಗದಲ್ಲಿ ಎಲೆಕ್ಟ್ರಿಷಿಯನ್ ಹಳೇ ನೂರು ವ್ಯಾಟ್ ಬಲ್ಬು ಹಾಕಿದಾಗ ಮಂಕಾಗಿ ಉರಿಯಿತು. ಅರ್ತ್ ಸರಿಯಿಲ್ಲ ಎಂದರ್ಥ. ಇದನ್ನು ನೀವೇ ಮಾಡಲು ಹೋಗಬೇಡಿ. ಅರ್ತ್ ಗುಂಡಿಯನ್ನು ಇದ್ದಿಲು, ಉಪ್ಪು ಹಾಕಿ ಮತ್ತೆ ಕಟ್ಟಿಸಿದೆವು. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕುವುದು ಅಪ್ಪನ ಪಾಲಿಗೆ ಬಂತು. ರೂಟರಿಗಿಂತ ಇದರಲ್ಲಿ ಅವರಿಗೆ ನಂಬಿಕೆ ಜಾಸ್ತಿ.

ಸಿಮ್ ಡಬ್ಬಿ ನಮ್ಮ ಕಡೆ ರೈತರಿಗೆ ಹಳೆಯ ಪರಿಚಯ, ಬೋರಿನ ಮೊಬೈಲ್ ಸ್ಟಾರ್ಟರ್ ಇದೇ ಜಾತಿಯದು. ಒಳಗೆ ಬ್ಯಾಟರಿ ಇರುವ ಡಬ್ಬಿಯಾದರೆ ಕರೆಂಟ್ ಹೋದ ಮೇಲೂ ಮೆಸೇಜ್ ಬರುತ್ತದೆ. ರೂಟರ್ ಬೇಕಿಲ್ಲ, ಅಪ್ಪ ಆರಿಸುವ ಭಯವಿಲ್ಲ. ಆದರೆ ಊರೊಳಗಿನ ಮನೆಗೆ ಇದು ಹೆಚ್ಚೆನಿಸಿತು. ಗ್ರಾಫ್ ಇಲ್ಲ, ಹಾಗಾಗಿ ಸಡಿಲ ನ್ಯೂಟ್ರಲ್‌ನಂಥ ನಿಧಾನದ ರೋಗ ಇದರಲ್ಲಿ ಕಾಣುವುದಿಲ್ಲ. ರೀಚಾರ್ಜ್ ಮರೆತರೆ ಸಿಮ್ ಸತ್ತು ಡಬ್ಬಿ ಮೂಕ.

ಹಾಗಾಗಿ ದುರ್ಗದ ಮನೆಯಲ್ಲಿ ಆರ್‌ಸಿಸಿಬಿ, ಅದರ ಜೊತೆ ವೈ-ಫೈ ಬ್ರೇಕರ್, ಹಾಲ್‌ನಲ್ಲಿ ಒಂದು ಪ್ಲಗ್ ಉಳಿದವು. ದುಡ್ಡು ಒಂದಕ್ಕೇ ಇದ್ದರೆ ಆರ್‌ಸಿಸಿಬಿ ಮಾತ್ರ. ಸಿಮ್ ಡಬ್ಬಿ ಚಿಕ್ಕಪ್ಪನ ತೋಟದ ಮನೆಗೆ ಹೋಯಿತು. ಅಲ್ಲಿ ವೈ-ಫೈ ಇಲ್ಲ, ತ್ರೀ ಫೇಸ್ ಯಾವಾಗ ಬರುತ್ತದೆ ಎಂದು ತಿಳಿಯುವುದೇ ಮುಖ್ಯ. ಒಂದು ಎಚ್ಚರ: ಹಳೇ ಡಬ್ಬಿಗಳು 2ಜಿಯವು, ಜಿಯೋಗೆ 2ಜಿ ಇಲ್ಲ, ಆ ಸಿಮ್ ಹಾಕಿದರೆ ದೀಪ ಮಿಟುಕುತ್ತಲೇ ಇರುತ್ತದೆ. ಕೊಳ್ಳುವಾಗ 4ಜಿ ಡಬ್ಬಿಯೇ ಎಂದು ಕೇಳಿ ತನ್ನಿ.